ಸ್ವೇ ಕಂಟ್ರೋಲ್ ಬಾರ್: ಶಿರಾ ರಸ್ತೆಯ ಗಾಳಿಯಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಗಾಡಿ ಹಿಂದೆ ಕ್ಯಾರವಾನ್ ಟ್ರೇಲರ್ ಕಟ್ಟಿಕೊಂಡು ಹೈವೇಯಲ್ಲಿ ಓಡಾಡುವವರಿಗೆ ಸ್ವೇ ಕಂಟ್ರೋಲ್ ಬಾರ್, ಅಂದರೆ ಟ್ರೇಲರ್ ಎಡಬಲ ಓಲಾಡುವುದಕ್ಕೆ ಅಡ್ಡಿ ಮಾಡುವ ಕಂಬಿ, ಕೊಳ್ಳಬೇಕಾದ ಸಾಮಾನೇ. ಆದರೆ ಅದನ್ನು ಹಾಕುವ ಮೊದಲೇ ಟ್ರೇಲರ್ ನೆಟ್ಟಗೆ ಬರುತ್ತಿರಬೇಕು. ಬಾರ್ ಇಲ್ಲದೆ ಬಾಲ ಅಲ್ಲಾಡಿಸುವ ಟ್ರೇಲರಿಗೆ ಬಾರ್ ಹಾಕಿದರೆ ಅಲ್ಲಾಟ ನಿಲ್ಲುವುದಿಲ್ಲ, ಗಾಡಿ ಇನ್ನೊಂದಿಷ್ಟು ಜಾಸ್ತಿ ಸ್ಪೀಡಿಗೆ ಹೋದ ಮೇಲೆ ಶುರುವಾಗುತ್ತದೆ, ಅಷ್ಟೇ. ಆ ಸ್ಪೀಡಿನಲ್ಲಿ ಅಲ್ಲಾಡಿದರೆ ಕೈಗೆ ಸಿಗುವುದು ಕಷ್ಟ.

ನಮ್ಮದು ತುಮಕೂರು. ಎಳೆಯುವುದು ಹಳೇ ಡೀಸೆಲ್ ಸ್ಕಾರ್ಪಿಯೊ. ಹಿಂದಿರುವುದು ಒಂದೇ ಆಕ್ಸಲ್ಲಿನ ಚಿಕ್ಕ ಕ್ಯಾರವಾನ್: ನಮ್ಮಿಬ್ಬರಿಗೆ ಹಾಸಿಗೆ, ಮಕ್ಕಳಿಗೆ ಮೇಲೊಂದು ಅಟ್ಟ, ಸ್ಟವ್, ಸಿಂಕು, 90 ಲೀಟರಿನ ನೀರಿನ ಟ್ಯಾಂಕು. ಎಲ್ಲ ತುಂಬಿದರೆ ಒಟ್ಟು 1,150 ಕೆಜಿ. ಟ್ರೇಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದೆ, ಅದರ ಕಂಟ್ರೋಲರ್ ಸ್ಟೀರಿಂಗ್ ಪಕ್ಕದಲ್ಲೇ ಇದೆ. ಹಾಕಿಸಿರುವ ಬಾರ್ ಫ್ರಿಕ್ಷನ್ ಜಾತಿಯದು, ಹೊರಗಿಂದ ತರಿಸಿದ್ದು. ಬಾರ್‌ಗಿಂತ ಅದರ ಸಾಗಾಟ, ಕಸ್ಟಮ್ಸೇ ನೋವಾಯಿತು. ಯಾವ ಕಂಪನಿಯದು ಅನ್ನುವುದು ಅಷ್ಟು ಮುಖ್ಯವಲ್ಲ, ಈ ಜಾತಿಯವೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು.

ಕೆಲಸ ಮಾಡುವ ರೀತಿ ಸರಳ. ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿಗೆ ಹಿಚ್ ಅನ್ನುತ್ತಾರೆ, ಅದರ ಮೇಲಿನ ಉಕ್ಕಿನ ಗುಂಡೇ ಹಿಚ್ ಬಾಲು. ಈ ಮುಖ್ಯ ಬಾಲಿನ ಪಕ್ಕಕ್ಕೆ ಐದೂವರೆ ಇಂಚು ದೂರದಲ್ಲಿ ಒಂದು ಪುಟ್ಟ ಬಾಲು. ಟ್ರೇಲರಿನ ಎ ಆಕಾರದ ಚೌಕಟ್ಟಿನ ಮೇಲೆ, ಹಿಚ್ ಬಾಲಿನಿಂದ 24 ಇಂಚು ಹಿಂದೆ, ಅಂಥದ್ದೇ ಇನ್ನೊಂದು. ಇವೆರಡರ ನಡುವೆ ಬಾರ್ ಕೂರುತ್ತದೆ. ಟ್ರೇಲರ್ ಎಡಕ್ಕೋ ಬಲಕ್ಕೋ ತಿರುಗಿದಾಗ ಎರಡು ಬಾಲುಗಳ ನಡುವಿನ ದೂರ ಬದಲಾಗಿ ಬಾರ್ ಒಳಗೆ ಹೊರಗೆ ಜಾರಬೇಕು. ಜಾರುವಾಗ ಬ್ರೇಕ್ ಪ್ಯಾಡಿನಂಥ ಎರಡು ಪ್ಯಾಡುಗಳು ಅದನ್ನು ಹಿಡಿದು ಉಜ್ಜುತ್ತವೆ. ಮೇಲೊಂದು ಹ್ಯಾಂಡಲ್, ತಿರುಗಿಸಿದರೆ ಬಿಗಿ, ಹಿಂದಕ್ಕೆ ತಿರುಗಿಸಿದರೆ ಸಡಿಲ. ಒಂದು ವಿಷಯ ಮಾತ್ರ ನೆನಪಿರಲಿ: ಇದು ಓಲಾಟಕ್ಕೆ ಅಡ್ಡಿ ಮಾಡುತ್ತದೆಯೇ ಹೊರತು ಟ್ರೇಲರನ್ನು ಎಳೆದು ನಡುಮಧ್ಯಕ್ಕೆ ತಂದು ನಿಲ್ಲಿಸುವುದಿಲ್ಲ. ಆ ಕೆಲಸಕ್ಕೆ ಬೇರೆ ದುಬಾರಿ ಹಿಚ್‌ಗಳಿವೆ.

ನಮ್ಮ ಕಡೆ ಇದು ಯಾಕೆ ಬೇಕು ಅಂದರೆ ಗಾಳಿಗೆ. ತುಮಕೂರಿನಿಂದ ಶಿರಾ, ಹಿರಿಯೂರು ದಾಟಿ ಚಿತ್ರದುರ್ಗಕ್ಕೆ ಹೋಗುವ 48ನೇ ಹೆದ್ದಾರಿ ಹೆಚ್ಚುಕಡಿಮೆ ವಾಯವ್ಯಕ್ಕೆ ಸಾಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಹೋಗುವಾಗ ಎಡಪಕ್ಕೆಗೆ, ಬರುವಾಗ ಬಲಪಕ್ಕೆಗೆ ನೇರ ಏಟು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ನನ್ನ ಕ್ಯಾರವಾನಿನ ಪಕ್ಕದ ಗೋಡೆ ಸುಮಾರು ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಎತ್ತರ. ಗಂಟೆಗೆ 40 ಕಿ.ಮೀ. ಅಡ್ಡಗಾಳಿ ಬಂದರೆ ಆ ಗೋಡೆಯ ಮೇಲೆ ಬೀಳುವ ಒತ್ತಡ ಅರವತ್ತು ಎಪ್ಪತ್ತು ಕೆಜಿ ತೂಕದಷ್ಟು. ಒಂದೇ ಸಮನೆ ಬೀಸಿದರೆ ತೊಂದರೆಯಿಲ್ಲ, ಸ್ಟೀರಿಂಗ್ ಒಂದಿಷ್ಟು ಗಾಳಿಯ ಕಡೆಗೆ ಹಿಡಿದರಾಯಿತು. ಆಷಾಢದ ಗಾಳಿ ಹಾಗೆ ಬೀಸುವುದಿಲ್ಲ. ರಸ್ತೆ ಪಕ್ಕದ ದಿಬ್ಬದ ಮರೆಯಲ್ಲಿ ಸತ್ತೇ ಹೋಗಿ, ಮುಂದೆ ಕೆರೆ ಬಯಲು ತೆರೆದುಕೊಂಡ ಕಡೆ ದಢಾರಂತ ಬಂದು ಬಡಿಯುತ್ತದೆ. ಕಳ್ಳಂಬೆಳ್ಳ ಕೆರೆಯ ಆಸುಪಾಸು ಇದು ಚೆನ್ನಾಗಿ ಗೊತ್ತಾಗುತ್ತದೆ.

ಇದರ ಜೊತೆಗೆ ರಾತ್ರಿ ಸ್ಲೀಪರ್ ಬಸ್ಸುಗಳು. ನೂರರ ಹತ್ತಿರ ಬರುವ ಬಸ್ಸು ಬಲಗಡೆಯಿಂದ ಹಿಂದಿಕ್ಕುವಾಗ ಅದರ ಮೂತಿಯ ಮುಂದಿನ ಗಾಳಿ ಮೊದಲು ಟ್ರೇಲರಿನ ಹಿಂಭಾಗವನ್ನು ಎಡಕ್ಕೆ ತಳ್ಳುತ್ತದೆ, ಬಸ್ಸಿನ ಪಕ್ಕೆ ಬಂದಾಗ ತನ್ನ ಕಡೆಗೆ ಸೆಳೆಯುತ್ತದೆ. ತಳ್ಳು, ಸೆಳೆ. ಓಲಾಟ ಶುರುವಾಗುವುದಕ್ಕೆ ಅಷ್ಟು ಸಾಕು. ಬಾರ್ ಬಿಗಿ ಮಾಡಿದಾಗ ಇದೇ ಏಟು ಒಂದು ಸಲ ಅಲುಗಿ ಅಲ್ಲೇ ನಿಲ್ಲುತ್ತದೆ. ಬಾರ್ ಇಲ್ಲದಿದ್ದರೆ ಎರಡು ಮೂರು ಸಲ ತೂಗಾಡಿ ಅಡಗುತ್ತದೆ. ಬೇಕಂತಲೇ ಹಾಕಿಯೂ ತೆಗೆದೂ ಅದೇ ರಸ್ತೆಯಲ್ಲಿ ಓಡಿಸಿ ನೋಡಿದ್ದೇನೆ, ವ್ಯತ್ಯಾಸ ಸೊಂಟಕ್ಕೇ ಗೊತ್ತಾಗುತ್ತದೆ. ಮನೆಯವಳು ಪಕ್ಕದ ಸೀಟಿನಲ್ಲಿ ಮೇಲಿನ ಹಿಡಿ ಹಿಡಿದುಕೊಳ್ಳುವುದನ್ನು ಬಿಟ್ಟಿದ್ದಾಳೆ. ನನಗೆ ಅದೇ ಸರ್ಟಿಫಿಕೇಟ್.

ಈಗ ತೂಕದ ವಿಷಯ. ಬಾರ್ ಕೊಳ್ಳುವ ಮುಂಚೆ ಇದನ್ನೇ ಸರಿಮಾಡಿ ಅಂತ ನಾನು ಎಲ್ಲರಿಗೂ ಹೇಳುವುದು. ತಿಪಟೂರು ಕಡೆಯ ನಮ್ಮ ಮಾವ ಎತ್ತಿನ ಗಾಡಿಯಲ್ಲಿ ತೆಂಗಿನಕಾಯಿ ಹೊಡೆದವರು. ನಮ್ಮ ಕ್ಯಾರವಾನನ್ನು ಮೊದಲ ಸಲ ನೋಡಿದವರೇ ಕಪ್ಲರ್, ಅಂದರೆ ಹಿಚ್ ಬಾಲಿನ ಮೇಲೆ ಕೂರುವ ಟ್ರೇಲರಿನ ಮೂತಿಯ ಹತ್ತಿರ ಕೈಯಿಟ್ಟು ಎತ್ತಿ ನೋಡಿ, "ಹಿಂಭಾರ ಆಗೈತೆ ಅಳಿಯಂದ್ರೆ, ಒಂದಿಷ್ಟು ಮುಂದಕ್ಕೆ ಎಳೀರಿ" ಅಂದರು. ಎತ್ತಿನ ಗಾಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಹಿಡಿಯುತ್ತದೆ. ಟ್ರೇಲರ್ ಹಿಂಭಾರವಾದರೆ ಹಿಚ್ ಮೇಲೆ ಭಾರ ಕಮ್ಮಿಯಾಗಿ ಬಾಲ ಬೀಸುತ್ತದೆ. ಅಮೆರಿಕದಲ್ಲಿ ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15 ಹಿಚ್ ಮೇಲೆ ಕೂರಬೇಕು ಅನ್ನುವುದು ಲೆಕ್ಕ. ಯೂರೋಪಿನಲ್ಲಿ ಶೇಕಡಾ 5ರಿಂದ 7ಕ್ಕೇ ಓಡಿಸುತ್ತಾರೆ. ಆದರೆ ಅಲ್ಲಿ ಕ್ಯಾರವಾನುಗಳನ್ನು ಅದಕ್ಕೆ ತಕ್ಕ ಹಾಗೆ ಕಟ್ಟಿರುತ್ತಾರೆ, ಸ್ಪೀಡೂ ಕಟ್ಟುನಿಟ್ಟು. ಜರ್ಮನಿಯಲ್ಲಿ ಸಾಮಾನ್ಯ ಮಿತಿ 80. ನಮ್ಮಲ್ಲಿ ವರ್ಕ್‌ಶಾಪಿನಲ್ಲಿ ಕೈಯಿಂದ ಕಟ್ಟಿದ ಟ್ರೇಲರುಗಳಿಗೆ ಶೇಕಡಾ 10ರ ಕೆಳಗೆ ಇಳಿಯದಿರುವುದೇ ಲೇಸು. ಮೇಲಿನ ಮಿತಿಯನ್ನು ನಿಮ್ಮ ಗಾಡಿಯ ಪುಸ್ತಕ, ಹಿಚ್ ಮೇಲಿನ ಪ್ಲೇಟು ಹೇಳುತ್ತವೆ. ಅದನ್ನು ಮೀರಬೇಡಿ.

ನನ್ನ ಟ್ರೇಲರ್ ಕಟ್ಟಿಕೊಟ್ಟ ವರ್ಕ್‌ಶಾಪಿನವರು ನೀರಿನ ಟ್ಯಾಂಕನ್ನು ಜಾಗ ಸಿಕ್ಕಿತು ಅಂತ ಆಕ್ಸಲ್ಲಿನಿಂದ 1.2 ಮೀಟರ್ ಹಿಂದೆ ಕೂರಿಸಿದ್ದರು. ಹಿಚ್ಚಿನಿಂದ ಆಕ್ಸಲ್ಲಿಗೆ ಮೂರು ಮೀಟರ್. 90 ಕೆಜಿ ನೀರು ಅಲ್ಲಿ ಕೂತರೆ ಹಿಚ್ ಮೇಲಿನ ಭಾರದಲ್ಲಿ 36 ಕೆಜಿ ಹಾರಿಹೋಗುತ್ತದೆ. ಟ್ಯಾಂಕು ಖಾಲಿ ಇದ್ದಾಗ ಹಿಚ್ ಮೇಲೆ 106 ಕೆಜಿ ಇದ್ದದ್ದು ತುಂಬಿದ ಮೇಲೆ 70. ಅಂದರೆ ಶೇಕಡಾ 6. ಖಾಲಿ ಇದ್ದಾಗ ಸಾಧುವಾಗಿ ಬರುತ್ತಿದ್ದ ಟ್ರೇಲರ್ ನೀರು ತುಂಬಿದ ದಿನ ಯಾಕೆ ಅಲ್ಲಾಡುತ್ತಿತ್ತು ಅನ್ನುವುದಕ್ಕೆ ಇದೇ ಉತ್ತರ. ಟ್ಯಾಂಕನ್ನು ಆಕ್ಸಲ್ಲಿನ ಮುಂದೆ 60 ಸೆಂಟಿಮೀಟರಿಗೆ ಸರಿಸಿದ ಮೇಲೆ ತುಂಬಿದಾಗ 124 ಕೆಜಿ, ಶೇಕಡಾ 11ರ ಹತ್ತಿರ. ಓಲಾಟದ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು. ಖರ್ಚು ವೆಲ್ಡಿಂಗ್‌ನವನ ಅರ್ಧ ದಿನದ ಕೂಲಿ, ಒಂದಿಷ್ಟು ಪೈಪು. ಹಿಂದೆ ಸ್ಟ್ಯಾಂಡ್ ಹಾಕಿ ಸೈಕಲ್ ನೇತುಹಾಕುವವರೂ ಈ ಲೆಕ್ಕ ನೋಡಿಕೊಳ್ಳಿ. ಆಕ್ಸಲ್ಲಿನಿಂದ ದೂರ ಹೋದಷ್ಟೂ ಸಣ್ಣ ತೂಕವೂ ದೊಡ್ಡ ಆಟ ಆಡಿಸುತ್ತದೆ. ಹಾಗಂತ ಅದನ್ನು ಸರಿದೂಗಿಸಲು ತುದಿಮೂತಿಗೂ ಭಾರ ಹೇರಬೇಡಿ. ಎರಡೂ ತುದಿಯಲ್ಲಿ ತೂಕವಿದ್ದರೆ ಒಮ್ಮೆ ಶುರುವಾದ ಓಲಾಟ ಬೇಗ ನಿಲ್ಲುವುದಿಲ್ಲ.

ತೂಕ ನೋಡುವುದು ಹೇಗೆ? ಒಟ್ಟು ತೂಕಕ್ಕೆ ಎಪಿಎಂಸಿ ಕಡೆಯ ಯಾವುದಾದರೂ ವೇ ಬ್ರಿಡ್ಜ್ ಸಾಕು. ಟ್ರೇಲರನ್ನು ಕಳಚಿ ಅದೊಂದನ್ನೇ ಮೇಲೆ ನಿಲ್ಲಿಸಿ. ಅಲ್ಲಿನ ಹುಡುಗ "ಏನ್ ಲೋಡು ಸಾರ್, ಕೊಬ್ರಿನಾ?" ಅಂತ ಕೇಳಿದ. ಒಳಗೆ ಹಾಸಿಗೆ ಇದೆ ಅಂದರೆ ನಂಬಲಿಲ್ಲ, ಬಾಗಿಲು ತೆಗೆಸಿ ನೋಡಿ ಆಮೇಲೆ ಚೀಟಿ ಕೊಟ್ಟ. ಹಿಚ್ ಭಾರಕ್ಕೆ ಮಾತ್ರ ವೇ ಬ್ರಿಡ್ಜ್ ನಂಬಬೇಡಿ. ಐದು ಹತ್ತು ಕೆಜಿ ಲೆಕ್ಕದಲ್ಲಿ ತೋರಿಸುವ ಯಂತ್ರದಲ್ಲಿ ನೂರು ಕೆಜಿ ಅಳೆಯುವುದು ಅಂದಾಜಷ್ಟೇ. ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಮೇಲು. ನಮ್ಮದು 120 ಕೆಜಿಗೆ ಮುಗಿಯುತ್ತದೆ, ಅದಕ್ಕೊಂದು ಉಪಾಯ: ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ, ನಡುವೆ ಮೂರು ಅಡಿ. ಟ್ರೇಲರಿನ ಮೂತಿಯನ್ನು ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ ಹಲಗೆ ಮೇಲೆ ಕೂರಿಸಿ. ಯಂತ್ರ ತೋರಿಸಿದ್ದಕ್ಕೆ ಮೂರರಿಂದ ಗುಣಿಸಿ. ಹಲಗೆಯ ತೂಕವನ್ನು ಮೊದಲೇ ಕಳೆಯಬೇಕು. ನೆಲ ಸಮತಟ್ಟಾಗಿರಬೇಕು, ಟ್ರೇಲರ್ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟಿರಬೇಕು.

ಇನ್ನು ಬಾರ್‌ನ ಬಾಳಿಕೆ. ಹೊಸದರಲ್ಲಿ ಮೇಲಿನ ಪೇಂಟು ಉಜ್ಜಿ ಹೋಗುವವರೆಗೆ ಹಿಡಿತ ಅಷ್ಟಕ್ಕಷ್ಟೇ. ಆಮೇಲೆ ಚೆನ್ನಾಗಿ ಕೂತುಕೊಂಡಿತು. ತಿರುವಿನಲ್ಲಿ ಕಿರ್ರ್ ಅಂತ ಕಿರುಚುತ್ತದೆ, ಅದಕ್ಕೆ ಮದ್ದಿಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಅಂತ ಸರ್ವಿಸ್ ರೋಡಿಗೆ ತಿರುಗಿಸಿದರೆ ಹೋಟೆಲ್ಲಿನವರೆಲ್ಲ ತಲೆಯೆತ್ತಿ ನೋಡುತ್ತಾರೆ. ಸದ್ದು ತಾಳಲಾರದೆ ಎಣ್ಣೆ ಬಿಡುವ ಮನಸ್ಸಾಗುತ್ತದೆ, ಬಿಡಬಾರದು. ಒಂದು ಸಲ ಸರ್ವಿಸಿಗೆ ಬಿಟ್ಟಿದ್ದಾಗ ಗ್ಯಾರೇಜಿನ ಹುಡುಗ ಪ್ರೀತಿಯಿಂದ ಬಾರ್‌ಗೂ ಗ್ರೀಸ್ ಬಳಿದು ಕೊಟ್ಟಿದ್ದ. ಬಾರನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆದು ಎಮರಿ ಪೇಪರಿನಲ್ಲಿ ಉಜ್ಜಿ ಉಳಿಸಿಕೊಂಡೆ, ಗ್ರೀಸ್ ಕುಡಿದ ಪ್ಯಾಡು ಮಾತ್ರ ಉಳಿಯಲಿಲ್ಲ, ಬದಲಿಸಬೇಕಾಯಿತು. ಆಮೇಲಿಂದ ಗಾಡಿ ಗ್ಯಾರೇಜಿಗೆ ಹೋಗುವ ಮುಂಚೆ ಬಾರನ್ನು ಕಳಚಿ ಮನೆಯಲ್ಲಿಡುತ್ತೇನೆ. ಶಿರಾ ಕಡೆಯ ಕೆಂಧೂಳು ಪ್ಯಾಡಿನ ಸಂದಿಗೆ ಸೇರಿ ಬಾರ್ ಮೇಲೆ ಗೀರು ಹಾಕುತ್ತದೆ, ಊರಿಗೆ ಬಂದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡುವುದು ಅಭ್ಯಾಸವಾಗಿದೆ. ಹ್ಯಾಂಡಲ್ಲಿಗೆ ತುಕ್ಕು ಬಂದಿದೆ, ಲೆಕ್ಕಕ್ಕಿಲ್ಲ. ಬಾರನ್ನು ಬಾಲಿಗೆ ಹಿಡಿದಿಡುವ ಪುಟ್ಟ ಕ್ಲಿಪ್ ಪಿನ್ನುಗಳು ಕಳೆದುಹೋಗುತ್ತಲೇ ಇರುತ್ತವೆ, ಡ್ಯಾಶ್‌ಬೋರ್ಡಿನಲ್ಲಿ ಒಂದು ಹಿಡಿ ಇಟ್ಟುಕೊಳ್ಳಿ.

ಬಾರ್ ಹಾಕಬಾರದ ಜಾಗಗಳೂ ಇವೆ. ರಿವರ್ಸ್ ತೆಗೆಯುವಾಗ ಕಳಚಲೇಬೇಕು. ಹಿಂದಕ್ಕೆ ಹೋಗುವಾಗ ಟ್ರೇಲರ್ ಒಮ್ಮೆಲೇ ಚೂಪಾಗಿ ಮಡಚಿಕೊಳ್ಳುತ್ತದೆ, ಬಾರ್ ಪೂರ್ತಿ ಒಳಗೆ ಹೋಗಿ ತಡೆದು ಬಾಗಿಬಿಡುತ್ತದೆ. ದೇವರಾಯನದುರ್ಗದಂಥ ಸುತ್ತು ತಿರುವಿನ ಬೆಟ್ಟದ ರಸ್ತೆಗೂ ಬೇಡ. ಮಲೆನಾಡಿಗೆ ಹೋದರೆ ಬೇಲೂರು ದಾಟಿದ ಮೇಲೆ ಬಿಚ್ಚಿ ಡಿಕ್ಕಿಗೆ ಹಾಕುತ್ತೇನೆ. ಜೋರು ಮಳೆಯಲ್ಲಿ ರಸ್ತೆ ಜಾರುತ್ತಿದ್ದರೆ ಹ್ಯಾಂಡಲ್ ಸಡಿಲಿಸಿ, ನಿಧಾನಕ್ಕೆ ಹೋಗಿ: ಬಾರ್ ಬಿಗಿಯಾಗಿದ್ದರೆ ತಿರುವಿನಲ್ಲಿ ಟ್ರೇಲರ್ ಸ್ಟೀರಿಂಗ್ ಹೇಳಿದಂತೆ ಕೇಳದೆ ಎಳೆಯುವ ಗಾಡಿಯನ್ನೇ ಸೀದಾ ತಳ್ಳಲು ನೋಡುತ್ತದೆ. ಮುಂಗಾರಿನಲ್ಲಿ ಗಾಳಿ, ಮಳೆ ಎರಡೂ ಒಟ್ಟಿಗೆ ಬರುತ್ತವಲ್ಲ, ಆಗ ಏನು ಮಾಡುವುದು ಅಂದರೆ ಬಾರ್ ಸಡಿಲಿಸಿ ಐವತ್ತಕ್ಕೆ ಇಳಿಯುವುದು, ಇಲ್ಲವೇ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕಾಫಿ ಕುಡಿಯುವುದು. ಇನ್ನೊಂದು, ಎಲೆಕ್ಟ್ರಿಕ್ ಬ್ರೇಕಿನ ಬದಲು ಕಪ್ಲರ್ ಹಿಂದಕ್ಕೆ ಜಾರಿ ಬ್ರೇಕ್ ಒತ್ತುವ ಜಾತಿಯ ಟ್ರೇಲರ್ ಇದ್ದವರು ಈ ಬಾರ್ ಹಾಕಿಸಬೇಡಿ. ಆ ಜಾರುವಿಕೆಗೇ ಬಾರ್ ಅಡ್ಡ ನಿಲ್ಲುತ್ತದೆ.

ಅಂಥವರಿಗೆ ಯೂರೋಪಿನ ರೀತಿಯ ಸ್ಟೆಬಿಲೈಸರ್ ಕಪ್ಲರ್ ಸರಿ. ಆಲ್ಕೋ ಕಂಪನಿಯ ಎಕೆಎಸ್ ಈ ಜಾತಿಯದು. ಅದರೊಳಗಿನ ಪ್ಯಾಡುಗಳು ಹಿಚ್ ಬಾಲನ್ನೇ ಒತ್ತಿ ಹಿಡಿಯುತ್ತವೆ, ಪಕ್ಕದಲ್ಲಿ ಬಾರ್ ಇರುವುದಿಲ್ಲ, ರಿವರ್ಸಿಗೆ ಬಿಚ್ಚುವ ರಗಳೆಯೂ ಇಲ್ಲ. ಆದರೆ ಅಲ್ಲಿನ ಬಾಲು 50 ಮಿ.ಮೀ., ಅಮೆರಿಕದ ಎರಡು ಇಂಚಿನದು 50.8. ಕಣ್ಣಿಗೆ ಒಂದೇ ಥರ ಕಂಡರೂ ಅದಕ್ಕೆ ಇದು, ಇದಕ್ಕೆ ಅದು ಹಾಕಬೇಡಿ. ಬಾಲಿನ ಮೇಲೆ ಪೇಂಟು, ಗ್ರೀಸು ಇದ್ದರೂ ಈ ಕಪ್ಲರ್ ಹಿಡಿಯುವುದಿಲ್ಲ. ಹೊಸ ಗಾಡಿಗಳಲ್ಲಿ ಟ್ರೇಲರ್ ಅಲ್ಲಾಡುವುದನ್ನು ತಾನೇ ಗುರುತಿಸಿ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುವುದುಂಟು. ಅದು ಒಳ್ಳೆಯದೇ, ಆದರೆ ಓಲಾಟ ಶುರುವಾದ ಮೇಲೆ ಏಳುವ ಕಾವಲುಗಾರ. ನನ್ನ ಹಳೇ ಗಾಡಿಯಲ್ಲಂತೂ ಇಲ್ಲ.

ಏನೇ ಹಾಕಿಸಿದ್ದರೂ ಟ್ರೇಲರ್ ಒಮ್ಮೆ ಜೋರಾಗಿ ಬೀಸಲು ಶುರುವಾದರೆ ಗಾಡಿಯ ಬ್ರೇಕ್ ತುಳಿಯಬೇಡಿ, ಸ್ಟೀರಿಂಗನ್ನು ಎಡಬಲ ತಿರುಗಿಸಿ ಸರಿಮಾಡಲೂ ಹೋಗಬೇಡಿ. ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕೈಯಲ್ಲಿ ಕಂಟ್ರೋಲರ್ ಒತ್ತಿ ಟ್ರೇಲರಿನ ಚಕ್ರಕ್ಕೆ ಮಾತ್ರ ಬ್ರೇಕ್ ಕೊಡಿ. ಹಿಂದಿನಿಂದ ಹಿಡಿದೆಳೆದಂತಾಗಿ ಟ್ರೇಲರ್ ಸಾಲಿಗೆ ಬರುತ್ತದೆ. ಸ್ಪೀಡು ಹೆಚ್ಚಿಸಿ ಎಳೆದುಬಿಡಿ ಅನ್ನುವವರ ಮಾತು ಕೇಳಬೇಡಿ. ಪ್ರತಿ ಟ್ರೇಲರಿಗೂ ಒಂದು ವೇಗವಿದೆ, ಅದರ ಕೆಳಗೆ ಓಲಾಟ ತಾನಾಗಿ ಅಡಗುತ್ತದೆ, ಅದರ ಮೇಲೆ ಪ್ರತಿ ಬೀಸು ಹಿಂದಿನದಕ್ಕಿಂತ ದೊಡ್ಡದು. ತೂಕ ಸರಿಯಿದ್ದು ಬಾರ್ ಬಿಗಿಯಾಗಿದ್ದರೂ ಗಾಳಿ ದಿನ ನಾನು 70 ದಾಟುವುದಿಲ್ಲ.

ಹಾಗಾದರೆ ಯಾರಿಗೆ ಬೇಡ? ತುಮಕೂರಿನಿಂದ ಮಾರ್ಕೋನಹಳ್ಳಿಗೋ ಗುಬ್ಬಿ ಕಡೆಯ ತೋಟಕ್ಕೋ ಊರ ರಸ್ತೆಯಲ್ಲಿ ನಲವತ್ತರಲ್ಲಿ ಹೋಗಿಬರುವವರಿಗೆ ಬೇಡ. ಎದೆಮಟ್ಟದ ಮಡಚುವ ಟೆಂಟ್ ಟ್ರೇಲರಿಗೂ ಅಷ್ಟೇನೂ ಬೇಡ, ಗಾಳಿಗೆ ಸಿಗುವ ಗೋಡೆಯೇ ಅದಕ್ಕಿಲ್ಲ. ಆಳೆತ್ತರದ ಗೋಡೆ ಇರುವ ಕ್ಯಾರವಾನ್ ಇಟ್ಟುಕೊಂಡು ಹಿರಿಯೂರು, ಚಿತ್ರದುರ್ಗ, ಹಂಪಿ ಅಂತ ಹೊರಡುವವರು ಹಾಕಿಸಿ. ಬಾರ್ ಜೊತೆಗೇ ಒಂದು ಜೊತೆ ಹೆಚ್ಚುವರಿ ಪ್ಯಾಡು ತರಿಸಿಕೊಳ್ಳಿ, ಇಲ್ಲಿನ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ, ಎರಡನೇ ಸಲವೂ ಸಾಗಾಟದ ದುಡ್ಡು ಕೊಟ್ಟೇ ತರಿಸಬೇಕಾಯಿತು.