ಡಿಕಾಕ್ಷನ್ ಇಳಿಯದ ಬೆಳಿಗ್ಗೆ: ಮೂರು ಕಡೆ ಕೊಂಡ ಕಾಫಿ ಪುಡಿ

ಮೊದಲೇ ಹೇಳಿಬಿಡುತ್ತೇನೆ: ಏಳು ತಿಂಗಳು ಅಲ್ಲಿ ಇಲ್ಲಿ ಅಲೆದು ನಮ್ಮ ಬಡಾವಣೆಯ ಕಾಫಿ ವರ್ಕ್ಸ್‌ಗೇ ಮರಳಿದ್ದೇನೆ. ಹಾಗಾಗಿ ಈ ಹೋಲಿಕೆಯಲ್ಲಿ ನಿಷ್ಪಕ್ಷಪಾತ ಹುಡುಕಬೇಡಿ. ಮೈಸೂರಿನಲ್ಲಿ ಲಗ್ನಪತ್ರಿಕೆ ಮುದ್ರಿಸುವ ಸಣ್ಣ ಪ್ರೆಸ್ ನನ್ನದು. ಗಿರಾಕಿ ಯಾಕೆ ಬರುತ್ತಾನೆ, ಯಾಕೆ ಬಿಟ್ಟುಹೋಗುತ್ತಾನೆ ಎಂಬುದು ನನಗೆ ಹೊಟ್ಟೆಪಾಡಿನ ಪ್ರಶ್ನೆ. ಈ ಸಲ ಬಿಟ್ಟುಹೋದ ಗಿರಾಕಿ ನಾನೇ.

ಬಿಟ್ಟದ್ದು ಬೆಲೆಗಾಗಿ. 2025ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಪೇಟೆಯಲ್ಲಿ ಅರೇಬಿಕಾ ದರ ದಾಖಲೆ ಮುಟ್ಟಿತ್ತು. ಅಂಗಡಿಯವರು ಕಪ್ಪು ಹಲಗೆಯ ಮೇಲಿದ್ದ ಹಳೆಯ ದರವನ್ನು ಒರೆಸದೆ, ಅಡ್ಡ ಗೀಟು ಹಾಕಿ ಪಕ್ಕದಲ್ಲೇ ಹೊಸದನ್ನು ಬರೆದಿದ್ದರು. ನನಗೆ ಸಿಟ್ಟು ಬಂತು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವ ರಾಜ್ಯದಲ್ಲಿ ಕುಳಿತು, ಬ್ರೆಜಿಲ್‌ನಲ್ಲಿ ಮಳೆ ಬಾರದ್ದಕ್ಕೆ ನಾನೇಕೆ ದಂಡ ತೆರಬೇಕು?

ಸೂಪರ್ ಮಾರ್ಕೆಟ್‌ನಲ್ಲಿ ನಾವು ಹಿಂದೊಮ್ಮೆ ಕೊಂಡಿದ್ದ ಪ್ಯಾಕೆಟ್ ಹಳೆಯ ಬೆಲೆಗೇ ಸಿಕ್ಕಿತು. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿಯಿತು. ಬಣ್ಣಕ್ಕೆ ಮರುಳಾಗಿ ಎರಡು ವಾರ ಕುಡಿದೆ. ದಿನವೂ ಹನ್ನೊಂದು ಗಂಟೆಯ ಹೊತ್ತಿಗೆ ತಲೆ ಹಿಡಿದುಕೊಳ್ಳುತ್ತಿತ್ತು. ಕನ್ನಡಕ ಏರಿಸಿ ಪ್ಯಾಕೆಟ್ಟಿನ ಬೆನ್ನು ಓದಿದಾಗ ಗುಟ್ಟು ತಿಳಿಯಿತು: ಕಾಫಿ 70, ಚಿಕೋರಿ 30. ಹೆಂಡತಿ ಬ್ಯಾಡಗಿ ಮೆಣಸಿನಕಾಯಿ ತುಂಬಿಟ್ಟಿದ್ದ ಹಳೆಯ ಪ್ಯಾಕೆಟ್ ತೆಗೆದು ನೋಡಿದರೆ ಅದರಲ್ಲಿ 80ಕ್ಕೆ 20. ಚಿಕೋರಿ ಬೇರಿನ ಪುಡಿ. ಬಣ್ಣ ಕೊಡುತ್ತದೆ, ಕಹಿ ಕೊಡುತ್ತದೆ, ಕೆಫೀನ್ ಮಾತ್ರ ಅದರಲ್ಲಿಲ್ಲ. ಇದನ್ನು ಮೋಸ ಎನ್ನುವಂತಿಲ್ಲ. ಮಿಶ್ರಣದಲ್ಲಿ ನೂರಕ್ಕೆ 51 ಪಾಲು ಕಾಫಿ ಇದ್ದು, ಪ್ರಮಾಣವನ್ನು ಅಚ್ಚು ಹಾಕಿದರೆ ಕಾನೂನಿಗೆ ಸಾಕು. ಅಚ್ಚು ಹಾಕಿಯೇ ಇದ್ದರು, ಮುದ್ರಣದವನಾದ ನನಗೂ ಕಾಣದಷ್ಟು ಚಿಕ್ಕದಾಗಿ. ರುಚಿಗೆಂದು ಮೂರು ಚಮಚದ ಜಾಗದಲ್ಲಿ ನಾಲ್ಕು ಹಾಕತೊಡಗಿದ ಮೇಲೆ ಉಳಿತಾಯವೂ ಮಾಯವಾಯಿತು.

ಆಮೇಲೆ ಮಗನ ಮಾತು ಕೇಳಿ ಆನ್‌ಲೈನ್‌ನಲ್ಲಿ ತರಿಸಿದೆ. ಪೊಟ್ಟಣ ಬಲು ಚಂದ. ತೋಟದ ಎತ್ತರ, ಹುರಿದ ದಿನಾಂಕ ಎಲ್ಲವೂ ಅದರ ಮೇಲಿತ್ತು. ಜೊತೆಗೆ ಒಂದು ಧನ್ಯವಾದದ ಕಾರ್ಡು (ಕಾಗದ ಒಳ್ಳೆಯದು, ನನ್ನ ಗಿರಾಕಿಗಳಿಗೆ ಎಟುಕದ ದರದ್ದು). ಪರಿಮಳಕ್ಕೂ ಹೆಸರಿಡುವಂತಿರಲಿಲ್ಲ.

ತೊಂದರೆ ಶುರುವಾದದ್ದು ಮರುದಿನ ಬೆಳಿಗ್ಗೆ. ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿ ಕುದಿನೀರು ಸುರಿದಿದ್ದೆ. ಐದೂವರೆಗೆ ಎದ್ದು ನೋಡಿದರೆ ನೀರು ಮೇಲಿನ ಬಟ್ಟಲಿನಲ್ಲೇ ನಿಂತಿದೆ, ಕೆಳಗೆ ಎರಡು ಚಮಚದಷ್ಟೂ ಇಳಿದಿಲ್ಲ. ಚಮಚದಿಂದ ತಟ್ಟಿದೆ, ಮುಚ್ಚಳ ತೆಗೆದು ಹಾಕಿದೆ, ಕೊನೆಗೆ ಕಲಕಿದೆ. ಕೆಸರಿನಂಥ ಚರಟವೇ ಇಳಿಯಿತು. ಫಿಲ್ಟರಿನದೇ ತಪ್ಪಿರಬೇಕೆಂದು ಅದರ ತಳವನ್ನು ಗ್ಯಾಸ್ ಉರಿಗೆ ಹಿಡಿದು ತೂತುಗಳಲ್ಲಿ ಕಟ್ಟಿದ್ದನ್ನೆಲ್ಲ ಸುಟ್ಟು ತೊಳೆದೆ. ಮರುದಿನವೂ ಅದೇ ಕಥೆ. ಕೊಳ್ಳುವಾಗ ನಾನು ಒತ್ತಿದ್ದು ‘ಸೌತ್ ಇಂಡಿಯನ್ ಫಿಲ್ಟರ್’ ಎಂಬುದನ್ನೇ. ಬಂದ ಪುಡಿ ಮಾತ್ರ ಮೈಗೆ ಹಚ್ಚುವ ಪೌಡರಿನಷ್ಟು ನುಣುಪು.

ದೂರು ಕೊಡಲು ಹೋದರೆ ಆ್ಯಪ್ ನನ್ನ ಮುಂದೆ ನಾಲ್ಕು ಕಾರಣಗಳನ್ನು ಇಟ್ಟಿತು: ಪ್ಯಾಕೆಟ್ ಹರಿದಿದೆ, ಬೇರೆ ವಸ್ತು ಬಂದಿದೆ, ಅವಧಿ ಮುಗಿದಿದೆ, ತಡವಾಗಿ ತಲುಪಿದೆ. ಡಿಕಾಕ್ಷನ್ ಇಳಿಯುತ್ತಿಲ್ಲ ಎಂಬವನಿಗೆ ಅಲ್ಲಿ ಜಾಗವಿಲ್ಲ. ಅನಿವಾರ್ಯವಾಗಿ ‘ಬೇರೆ ವಸ್ತು’ ಎಂದು ಒತ್ತಿದೆ. ಫೋಟೊ ಕೇಳಿತು. ನುಣುಪನ್ನು ಫೋಟೊ ತೆಗೆಯುವುದು ಹೇಗೆ? ಆದರೂ ಕಾಗದದ ಮೇಲೆ ಒಂದು ಚಿಟಿಕೆ ಪುಡಿ ಹರಡಿ, ಪಕ್ಕದಲ್ಲಿ ಚಿರೋಟಿ ರವೆ ಇಟ್ಟು ತೆಗೆದು ಕಳಿಸಿದೆ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂಬ ಉತ್ತರ ಅರೆ ನಿಮಿಷದಲ್ಲಿ ಬಂತು. ಮೂರನೆಯ ದಿನ ಅದೇ ನುಣುಪಿನ ಇನ್ನೊಂದು ಪ್ಯಾಕೆಟ್ ಪುಕ್ಕಟೆಯಾಗಿ ಬಂತು. ಕಂಪನಿ ಧಾರಾಳಿಯೇ, ಆ ಮಾತು ಬೇರೆ. ಆದರೆ ನನ್ನ ಕಾಫಿಯ ಬಗ್ಗೆ ಅಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಸಂಕೋಚದಿಂದಲೇ ಆ ಪೊಟ್ಟಣ ಹಿಡಿದು ಕಾಫಿ ವರ್ಕ್ಸ್‌ಗೆ ಹೋದೆ. ಅಂಗಡಿಯವರು ಚಿಟಿಕೆ ಪುಡಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿದರು. “ಇದು ಎಸ್ಪ್ರೆಸೊ ಯಂತ್ರಕ್ಕೆ ಬೀಸಿದ್ದು ಸ್ವಾಮಿ. ಅಲ್ಲಿ ಒತ್ತಡಕ್ಕೆ ಇಳಿಯುತ್ತದೆ. ನಿಮ್ಮ ಫಿಲ್ಟರಿನಲ್ಲಿ ಅದರಷ್ಟಕ್ಕೇ ತೊಟ್ಟಿಕ್ಕಬೇಕಲ್ಲ? ಅಂದ ಹಾಗೆ, ಈಗಲೂ ಆ ಹಳೆಯ ಹಿತ್ತಾಳೆಯದೇ ಇದೆಯೇ?” ಹೌದೆಂದೆ. ಸ್ವಲ್ಪ ತರಿಯಾಗಿ ಬೀಸಿದ ಕಾಲು ಕೆ.ಜಿ. ಕೊಟ್ಟು, ನುಣುಪಿನದನ್ನು ಒಂದು ಚಮಚದಂತೆ ಬೆರೆಸಿ ಖಾಲಿ ಮಾಡಿ ಎಂದರು. ಇಷ್ಟು ತಿಂಗಳು ಎಲ್ಲಿದ್ದಿರಿ ಎಂದು ಕೇಳಲಿಲ್ಲ.

ಆ ಅಂಗಡಿಗೂ ದೋಷಗಳಿವೆ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆಯವರೆಗೆ ಬಾಗಿಲು ಹಾಕಿರುತ್ತದೆ. ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ. ಕಾಗದದ ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾರೆ, ಮಳೆಗಾಲದಲ್ಲಿ ವಾರಕ್ಕೇ ಘಮ ಹೋಗುತ್ತದೆ. ಅದಕ್ಕೇ ನಾನು ಒಮ್ಮೆಗೆ ಕಾಲು ಕೆ.ಜಿ.ಗಿಂತ ಹೆಚ್ಚು ತರುವುದಿಲ್ಲ.

ಮನೆಯಲ್ಲಿ ಮೂವರು, ದಿನಕ್ಕೆ ಎರಡು ಹೊತ್ತು. ಈ ಲೆಕ್ಕದಲ್ಲಿ ತಿಂಗಳಿಗೆ ಪ್ಯಾಕೆಟ್ಟಿಗಿಂತ ಹೆಚ್ಚೆಂದರೆ ನಲವತ್ತು ರೂಪಾಯಿ ಜಾಸ್ತಿ. ಪ್ರೆಸ್ ಮುಚ್ಚಿ ಮನೆಗೆ ಹೋಗುವ ದಾರಿಯಲ್ಲೇ ಅಂಗಡಿ ಇರುವುದರಿಂದ ನನಗೆ ಇದೇ ಸರಿ. ಪುಣೆಯಲ್ಲಿ ಒಬ್ಬನೇ ಇರುವ ಮಗನ ಮನೆಯ ಹತ್ತಿರ ಪುಡಿ ಬೀಸುವವರಿಲ್ಲ. ಅವನು ಆನ್‌ಲೈನ್‌ನಲ್ಲೇ ತರಿಸಲಿ. ಪುಕ್ಕಟೆ ಬಂದ ಎರಡನೆಯ ಪ್ಯಾಕೆಟ್ಟನ್ನೂ ಅವನಿಗೇ ಕಳಿಸೋಣವೆಂದಿದ್ದೆ. ಅಷ್ಟರಲ್ಲಿ ಹೆಂಡತಿ ಅದನ್ನು ಒಡೆದು ಬಟ್ಟಲಿಗೆ ಹಾಕಿ, ವಾಸನೆ ಹೋಗಲೆಂದು ಫ್ರಿಜ್ಜಿನ ಮೂಲೆಯಲ್ಲಿ ಇಟ್ಟಿದ್ದಳು.