ಕೆಂಚ ಎರಡು ಸಲ ಕಳೆದುಹೋದ: ಪೇಟೆಯಲ್ಲಿ ಯಾವುದು ನಡೆಯಿತು, ಊರಲ್ಲಿ ಯಾವುದು

ನಮ್ಮ ನಾಯಿ ಕೆಂಚ ಎರಡು ಸಲ ಕಳೆದುಹೋಗಿದ್ದಾನೆ. ಮೊದಲನೇ ಸಲ ಶಿವಮೊಗ್ಗದ ವಿನೋಬನಗರದ ಮನೆಯಿಂದ. ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವಾಗ ಗೇಟ್ ಹಾಕಿರಲಿಲ್ಲ. ಎರಡನೇ ಸಲ ದೀಪಾವಳಿಯಲ್ಲಿ, ಮಲೆನಾಡಿನ ಮೇಗರವಳ್ಳಿ ಹತ್ತಿರದ ಅಮ್ಮನ ಮನೆಯಿಂದ, ಪಟಾಕಿ ಸದ್ದಿಗೆ ಹೆದರಿ. ನಾಯಿ ಅದೇ, ಹುಡುಕಿದವನೂ ನಾನೇ. ಆದರೆ ಪೇಟೆಯಲ್ಲಿ ಕೈ ಹಿಡಿದದ್ದು ಊರಲ್ಲಿ ಕೈ ಕೊಟ್ಟಿತು.

ದುಡ್ಡು ಜಾಸ್ತಿ ಹೋಗಿದ್ದು ಬ್ಲೂಟೂತ್ ಟ್ಯಾಗ್‌ಗೆ, ಅದರಿಂದಲೇ ಶುರು ಮಾಡ್ತೀನಿ. ಕತ್ತಿನ ಪಟ್ಟಿಗೆ ಸಿಕ್ಕಿಸುವ ಬಿಲ್ಲೆ ಅದು. ಒಳಗೆ ಗುಂಡಿಯಂಥ ಬ್ಯಾಟರಿ, ಸುಮಾರು ಒಂದು ವರ್ಷ ಬರುತ್ತದೆ. ಇದರಲ್ಲಿ ಜಿಪಿಎಸ್ ಇರೋದಿಲ್ಲ, ಇದೆ ಅಂದುಕೊಂಡೇ ನಾನೂ ತಗೊಂಡಿದ್ದೆ. ಹತ್ತಿರ ಹಾದುಹೋಗುವ ಯಾರದೋ ಫೋನ್ ಅದನ್ನು ಗುರುತಿಸಿ, ಇಂಟರ್ನೆಟ್ ಮೂಲಕ ನಮಗೆ ಜಾಗ ತಿಳಿಸಬೇಕು. ಶಿವಮೊಗ್ಗದಲ್ಲಿ ರಾತ್ರಿ ಹತ್ತಕ್ಕೆ ಒಂದು ಸಲ ಸವಳಂಗ ರಸ್ತೆಯಲ್ಲಿ ಚುಕ್ಕಿ ತೋರಿಸಿತು. ಓಡಿದೆವು. ಅಷ್ಟರಲ್ಲಿ ಕೆಂಚ ಅಲ್ಲಿಂದ ಹೋಗಿಯಾಗಿತ್ತು. ಆದರೂ ಯಾವ ದಿಕ್ಕು ಅಂತ ಗೊತ್ತಾಯಿತಲ್ಲ, ಅದೇ ಲಾಭ. ಊರಲ್ಲಿ ಮಾತ್ರ ಎರಡು ದಿನ ಚುಕ್ಕಿ ಅಮ್ಮನ ಮನೆ ಅಂಗಳ ಬಿಟ್ಟು ಕದಲಲಿಲ್ಲ. ಕಾಡಲ್ಲಿ ಯಾರ ಫೋನ್ ಹಾದುಹೋಗಬೇಕು? ಸಿಮ್ ಹಾಕುವ ಜಿಪಿಎಸ್ ಪಟ್ಟಿಯೂ ಸಿಗುತ್ತದೆ, ನಾನು ತಗೊಳ್ಳಲಿಲ್ಲ. ಅಮ್ಮನ ಮನೆಯಲ್ಲಿ ನೆಟ್‌ವರ್ಕ್ ಬೇಕಂದ್ರೆ ನಾವೇ ಗುಡ್ಡ ಹತ್ತಬೇಕು.

ವಾಟ್ಸಾಪ್ ಬೆಂಕಿ ಥರ. ಪೇಟೆಯಲ್ಲಿ ರಾತ್ರಿ ಒಂಬತ್ತಕ್ಕೆ ಫೋಟೋ ಹಾಕಿದೆ. ಮಲಗುವ ಹೊತ್ತಿಗೆ ಹದಿನಾಲ್ಕು ಫೋನ್ ಬಂದವು. ಅದರಲ್ಲಿ ಹನ್ನೊಂದು ಬೇರೆ ನಾಯಿಗಳು. ಒಬ್ಬ ಮಹಾಶಯ ‘ನಾಯಿ ನನ್ನ ಹತ್ರಾನೇ ಇದೆ, ಮೊದಲು ಎರಡು ಸಾವಿರ ಹಾಕಿ’ ಅಂದ. ಈಗಲೇ ತೆಗೆದ ಫೋಟೋ ಕಳಿಸಿ ಅಂದ್ರೆ ಫೋನ್ ಕಟ್. ಅವತ್ತಿನಿಂದ ಒಂದು ಗುರುತು ಯಾರಿಗೂ ಹೇಳೋದಿಲ್ಲ, ಫೋಟೋದಲ್ಲೂ ಕಾಣಿಸೋದಿಲ್ಲ. ಫೋನ್ ಮಾಡಿದವರೇ ಅದನ್ನು ಹೇಳಬೇಕು. ಯಾರದೋ ನಾಯಿ ನಿಮಗೆ ಸಿಕ್ಕರೂ ಹೀಗೇ ಮಾಡಿ, ಸುಳ್ಳು ಮಾಲೀಕರು ಅಲ್ಲೇ ಸಿಕ್ಕಿಬೀಳುತ್ತಾರೆ. ಇನ್ನೊಂದು ತಪ್ಪು ನನ್ನದೇ. ಮೆಸೇಜಲ್ಲಿ ತಾರೀಕು ಹಾಕಿರಲಿಲ್ಲ. ಕೆಂಚ ಮನೆಗೆ ಬಂದು ಎಂಟು ತಿಂಗಳಾದ ಮೇಲೂ ‘ನಾಯಿ ಸಿಕ್ತಾ ಸಾರ್?’ ಅಂತ ಫೋನ್ ಬರುತ್ತಿತ್ತು. ಅವನು ನನ್ನ ಕಾಲ ಮೇಲೇ ಮಲಗಿರುತ್ತಿದ್ದ.

ಪೇಟೆಯಲ್ಲಿ ನಿಜವಾಗಿ ನಾಯಿ ಕೊಡಿಸಿದ್ದು ಹಳೇ ಕಾಲದ ಪೋಸ್ಟರ್. ನಲವತ್ತು ಜೆರಾಕ್ಸ್ ಮಾಡಿಸಿದೆ. ಕಪ್ಪು ಬಿಳುಪಿನಲ್ಲಿ ಕೆಂಚ ಎಲ್ಲಿ ಕೆಂಚ? ಬೀದಿಯ ಯಾವ ನಾಯಿಯೂ ಆಗಬಹುದಿತ್ತು. ಅದನ್ನೆಲ್ಲ ಬಿಟ್ಟು ಹತ್ತೇ ಹತ್ತು ಕಲರ್ ಪ್ರಿಂಟ್ ತೆಗೆಸಿ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಟಿಸಿದೆ. ಕರೆಂಟ್ ಕಂಬಕ್ಕಲ್ಲ, ಕೋಳಿ ಅಂಗಡಿ, ಟೀ ಅಂಗಡಿ, ಬೇಕರಿ ಮುಂದೆ. ಹಸಿದ ನಾಯಿ ಮತ್ತೆಲ್ಲಿಗೆ ಹೋಗುತ್ತದೆ? ಮೂರನೇ ದಿನ ಬೆಳಗ್ಗೆ ಕೋಳಿ ಅಂಗಡಿ ಹುಡುಗ ಫೋನ್ ಮಾಡಿದ. ‘ಅಣ್ಣ, ಬಲಗಡೆ ಹಿಂಗಾಲಲ್ಲಿ ಒಂದು ಬೆರಳಿಗೆ ಉಗುರಿಲ್ಲ, ಇದೇನಾ?’ ಅದೇ ನಾನು ಯಾರಿಗೂ ಹೇಳದ ಗುರುತು. ವಾಟ್ಸಾಪ್‌ನಲ್ಲಿ ಸಾವಿರ ಜನ ಅಯ್ಯೋ ಪಾಪ ಅಂದಿರಬಹುದು. ಆ ಹುಡುಗನ ಕಣ್ಣೆದುರಿಗೇ ನಾಯಿ ಕೂತಿತ್ತು.

ಆಮೇಲೆ ಬುದ್ಧಿ ಬಂದು, ನೂರೈವತ್ತು ರೂಪಾಯಿ ಕೊಟ್ಟು ಹಿತ್ತಾಳೆ ಬಿಲ್ಲೆಗೆ ನನ್ನ ಮೊಬೈಲ್ ನಂಬರ್ ಕೆತ್ತಿಸಿ ಕಟ್ಟಿದೆ. ಇನ್ನು ಚಿಂತೆ ಇಲ್ಲ ಅಂದುಕೊಂಡಿದ್ದೆ. ಅಷ್ಟರಲ್ಲಿ ದೀಪಾವಳಿ ಬಂತು.

ಅಮಾವಾಸ್ಯೆ ಸಂಜೆ ಯಾರೋ ಆಟಂ ಬಾಂಬ್ ಹಚ್ಚಿದರು. ಕೆಂಚ ತೋಟ ಹಾರಿ, ಗದ್ದೆ ದಾಟಿ ಕಾಡಿಗೆ ಬಿದ್ದ. ರಾತ್ರಿ ಟಾರ್ಚ್ ಹಿಡಿದು ಹಳ್ಳದ ಬದಿಯೆಲ್ಲ ಕೂಗಿದೆ. ಉಂಬಳ ಕಚ್ಚಿಸಿಕೊಂಡಿದ್ದೇ ಬಂತು. ಸಿಕ್ಕವರೆಲ್ಲ ‘ಚಿರತೆ ಹೊತ್ಕೊಂಡು ಹೋಗಿರ್ತದೆ ಮಾರಾಯ’ ಅಂತಲೇ ಹೇಳಿದರು. ಮಲೆನಾಡಲ್ಲಿ ನಾಯಿ ಕಾಣದಿದ್ದರೆ ಮೊದಲು ಬರುವ ಮಾತೇ ಅದು. ಪೋಸ್ಟರ್ ಅಂಟಿಸೋಣ ಅಂದ್ರೆ ಒಂದು ಮನೆಗೂ ಇನ್ನೊಂದು ಮನೆಗೂ ಅರ್ಧ ಮೈಲಿ.

ಪಾಡ್ಯದ ನಡುರಾತ್ರಿ ಅಂಟಿಗೆ ಪಂಟಿಗೆಯವರು ಬಂದರು. ಗೊತ್ತಿಲ್ಲದವರಿಗೆ ಹೇಳ್ತೀನಿ: ಹಬ್ಬದ ರಾತ್ರಿಗಳಲ್ಲಿ ದೀಪ ಹಿಡಿದು, ಹಾಡು ಹೇಳುತ್ತಾ, ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುವ ತಂಡ. ಅಮ್ಮ ದೀಪಕ್ಕೆ ಎಣ್ಣೆ ಹಾಕುತ್ತಾ ನಾಯಿ ವಿಷಯ ತೆಗೆದರು. ಹಿಂದೆ ನಿಂತಿದ್ದ ಒಬ್ಬರು ಕಂಬಳಿ ಸರಿಸಿ, ‘ಎಂಥ ಅಮ್ಮ, ಕುತ್ತಿಗೆಗೆ ಹಳದಿ ಬಿಲ್ಲೆ ಇತ್ತಾ? ಆಚೆ ಊರಲ್ಲಿ ಅಡಿಕೆ ಬೇಯಿಸೋ ಒಲೆ ಹತ್ರ ಮಲಗಿತ್ತು. ಸುಲಿಯೋರು ಎಬ್ಬಿಸಿದ್ರೂ ಏಳ್ಲಿಲ್ಲ’ ಅಂದರು.

ಬೆಳಗ್ಗೆ ಹೋದೆ. ಒಲೆಯ ಬೂದಿ ಮೈಗೆಲ್ಲ ಮೆತ್ತಿಕೊಂಡು ಬಿದ್ದಿದ್ದ. ಆ ಮನೆಯ ಯಜಮಾನರು ಬಿಲ್ಲೆ ನೋಡಿ, ಹಿಂದಿನ ದಿನ ಎರಡು ಸಲ ಗುಡ್ಡ ಹತ್ತಿ ನನಗೆ ಫೋನ್ ಮಾಡಿದ್ದರಂತೆ. ‘ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಅಂತಾಳೆ ಮಾರಾಯ್ರೆ’ ಅಂದರು. ಅವರು ಗುಡ್ಡ ಹತ್ತಿದಾಗ ನಾನು ಇಳಿದಿದ್ದೆ. ಬಿಲ್ಲೆ ತಪ್ಪಲ್ಲ, ಅದರ ಮೇಲಿನ ನಂಬರ್ ತಪ್ಪು.

ಮೈಕ್ರೋಚಿಪ್ ಬಗ್ಗೆ ಬಹಳ ಜನ ಕೇಳ್ತಾರೆ. ಎರಡನೇ ಸಲದ ಮೇಲೆ ಅದನ್ನೂ ಹಾಕಿಸಿದೆ. ಅಕ್ಕಿ ಕಾಳಿನಷ್ಟು ದೊಡ್ಡದು, ಭುಜಗಳ ನಡುವೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಬ್ಯಾಟರಿ ಇಲ್ಲ. ಎಲ್ಲಿದ್ದಾನೆ ಅಂತ ಅದು ಹೇಳೋದಿಲ್ಲ. ಅದರಲ್ಲಿರುವುದು 15 ಅಂಕಿಯ ಒಂದು ನಂಬರ್ ಅಷ್ಟೇ. ಆ ನಂಬರ್ ನಮ್ಮ ಹೆಸರಲ್ಲಿ ನೋಂದಣಿ ಆಗಿರಬೇಕು, ಸಿಕ್ಕವರ ಹತ್ತಿರ ಓದುವ ಯಂತ್ರವೂ ಇರಬೇಕು. ಅಡಿಕೆ ಒಲೆ ಹತ್ತಿರ ಯಂತ್ರ ಎಲ್ಲಿಂದ ತರೋದು? ಆದರೆ ಪಟ್ಟಿ ಕಳಚಿಹೋಗಿ, ಇನ್ಯಾರೋ ನಮ್ಮ ನಾಯಿ ಅಂತ ಜಗಳಕ್ಕೆ ಬಂದರೆ ಇದರಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ಹುಡುಕೋಕೆ ಸೊನ್ನೆ, ಸಾಕ್ಷಿಗೆ ನೂರು.

ಬೆಕ್ಕಿಗೆ ಇದ್ಯಾವುದೂ ಬೇಡ. ನಮ್ಮ ಚಿನ್ನಿ ನಾಲ್ಕು ದಿನ ಕಾಣದೆ, ಕೊನೆಗೆ ಪಕ್ಕದ ಮನೆ ಅಟ್ಟದಲ್ಲೇ ಸಿಕ್ಕಳು. ನಡುರಾತ್ರಿ ಟಾರ್ಚ್ ಬಿಟ್ಟಾಗ ಎರಡು ಕಣ್ಣು ಹೊಳೆದವು.

ಈಗ ಕೆಂಚನ ಬಿಲ್ಲೆ ಹೊಸದು. ಒಂದು ಕಡೆ ನನ್ನ ನಂಬರ್. ಇನ್ನೊಂದು ಕಡೆ ಮೇಗರವಳ್ಳಿಯ ಅಂಗಡಿಯೊಂದರ ನಂಬರ್, ಅವರನ್ನು ಕೇಳಿಯೇ ಕೆತ್ತಿಸಿದ್ದು. ಅಲ್ಲಿ ನೆಟ್‌ವರ್ಕ್ ಸಿಗುತ್ತದೆ. ಹಾಲಿನ ಡೈರಿಗೆ ಹೋಗುವವರು, ಲೈನ್‌ಮನ್, ಸ್ಕೂಟರಲ್ಲಿ ಮೀನು ತರುವವರು ಎಲ್ಲರೂ ದಿನಾ ಅಲ್ಲಿ ನಿಲ್ಲುತ್ತಾರೆ. ಬ್ಲೂಟೂತ್ ಟ್ಯಾಗ್ ನನ್ನ ಸ್ಕೂಟರ್ ಕೀಗೆ ಹಾಕಿಕೊಂಡಿದ್ದೀನಿ. ಕೀ ಹುಡುಕೋಕೆ ಅದು ಬಹಳ ಚೆನ್ನಾಗಿದೆ.