ಶಾಮಿಯಾನ ಸಾಮಾನಿಗೆ ಹಳೇ ಶಿಪ್ಪಿಂಗ್ ಕಂಟೇನರ್: ಕರಾವಳಿಯ ಮಳೆಯಲ್ಲಿ ಬಳಸಿದ ಅನುಭವ

ನಮ್ಮದು ಮೂಲ್ಕಿ ಕಡೆ ಶಾಮಿಯಾನ, ಕುರ್ಚಿ, ಲೈಟು, ಮೈಕ್ ಸೆಟ್ ಬಾಡಿಗೆಗೆ ಕೊಡುವ ವ್ಯಾಪಾರ. ಸಾಮಾನು ಇಡುವುದಕ್ಕೆ 20 ಅಡಿಯ ಎರಡು ಹಳೇ ಕಂಟೇನರ್ ತೆಗೆದುಕೊಂಡು ಐದಾರು ವರ್ಷ ಆಯಿತು. ಕಬ್ಬಿಣ, ಕುರ್ಚಿ, ಅಡುಗೆ ಪಾತ್ರೆ ಇಡಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಬಟ್ಟೆ, ಆಂಪ್ಲಿಫೈಯರ್ ಇಡುವುದಾದರೆ ಮಾತ್ರ ಕಂಟೇನರ್ ಬೆಲೆಯ ಮೇಲೆ ಇನ್ನಷ್ಟು ಖರ್ಚಿದೆ ಅಂತ ಲೆಕ್ಕ ಹಾಕಿಯೇ ಕೊಳ್ಳಿ.

ನನಗೆ ದೊಡ್ಡ ಲಾಭ ಆದದ್ದು ಇಲಿ ವಿಷಯದಲ್ಲಿ. ಮೊದಲು ಹಂಚಿನ ಮಾಡಿನ ಬಾಡಿಗೆ ಗೋದಾಮು ಇತ್ತು. ಮೇ ಕೊನೆಗೆ ಸೀಸನ್ ಮುಗಿಸಿ ಕಟ್ಟಿಟ್ಟ ಸ್ಯಾಟಿನ್ ಬಟ್ಟೆಯನ್ನು ಚೌತಿಗೆ ಬಿಚ್ಚಿದರೆ ಮಧ್ಯದಲ್ಲಿ ಇಲಿ ಸಂಸಾರ! ಮೈಕ್ ಕೇಬಲ್ಲೂ ಅಷ್ಟೇ, ಅಲ್ಲಲ್ಲಿ ಕಡಿದು ತಾಮ್ರ ಕಾಣುತ್ತಿತ್ತು. ಕಂಟೇನರ್ ಬಾಗಿಲಿನ ರಬ್ಬರ್ ಸರಿ ಇದ್ದರೆ ಇಲಿಗೆ ದಾರಿಯೇ ಇಲ್ಲ. ಕಳ್ಳರ ಭಯವೂ ಕಡಿಮೆ. ಬೀಗ ಹೊರಗೆ ನೇತಾಡದ ಹಾಗೆ ಅದರ ಸುತ್ತ ಒಂದು ಕಬ್ಬಿಣದ ಡಬ್ಬಿ ವೆಲ್ಡ್ ಮಾಡಿಸಿದರೆ ಸಾಕು.

ಇನ್ನು ಅಳತೆ. 20 ಅಡಿ ಅನ್ನುವುದು ಹೊರಗಿನ ಅಳತೆ ಮಾರಾಯ್ರೆ. ಒಳಗೆ ಸಿಗುವ ಉದ್ದ ಸುಮಾರು 5.9 ಮೀಟರ್, ಅಗಲ 2.35 ಮೀಟರ್, ಎತ್ತರ 2.39 ಮೀಟರ್. ಇದು ನಮ್ಮ ಸಾಮಾನಿಗೆ ಸ್ವಲ್ಪದರಲ್ಲೇ ಕೈ ಕೊಡುತ್ತದೆ. ಅಂಗಡಿಯಲ್ಲಿ ಸಿಗುವ ಜಿಐ ಪೈಪ್ 6 ಮೀಟರ್ ಉದ್ದ, ಕತ್ತರಿಸದೆ ನೇರ ಮಲಗುವುದಿಲ್ಲ. ಲೈಟು ಕಟ್ಟುವ ಪೈಪಿನ ಚೌಕಟ್ಟು, ಅಂದರೆ ಟ್ರಸ್, 3 ಮೀಟರಿನದ್ದು ಎರಡನ್ನು ಒಂದರ ಹಿಂದೆ ಒಂದು ಇಟ್ಟರೆ ಬಾಗಿಲು ಹಾಕಲು ಬರುವುದಿಲ್ಲ. ಸ್ಟೇಜಿನ 8ಕ್ಕೆ 4 ಅಡಿಯ ಪ್ಲೈವುಡ್ ಹಲಗೆಯಂತೂ ಅಡ್ಡಕ್ಕೂ ಹಿಡಿಸುವುದಿಲ್ಲ, ಲಂಬಕ್ಕೂ ನಿಲ್ಲುವುದಿಲ್ಲ. ಉದ್ದಕ್ಕೆ, ಅಂಚಿನ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಬೇಕು. ನಿಮ್ಮ ಹತ್ತಿರ ಇಂಥ ಸಾಮಾನು ಜಾಸ್ತಿ ಇದ್ದರೆ 40 ಅಡಿಯದ್ದನ್ನೇ ನೋಡಿ. ಆದರೆ ಅದನ್ನು ಹೊತ್ತ ಟ್ರೇಲರ್ ನಮ್ಮ ಊರ ರಸ್ತೆಯ ತಿರುವಿನಲ್ಲಿ ತಿರುಗುವುದೇ ಇಲ್ಲ. 20 ಅಡಿಯದ್ದರ ಖಾಲಿ ತೂಕ ಎರಡು ಟನ್ನಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಲಾರಿಯಲ್ಲಿ ಬಂತು, ಹೈಡ್ರಾ ಕ್ರೇನ್ ಇಳಿಸಿಕೊಟ್ಟಿತು. ಮೇಲೆ ಕರೆಂಟ್ ಲೈನ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಈಗ ಮುಖ್ಯ ವಿಷಯ, ತೇವ.

ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಒಳಗೆ ಮಾಡಿನಿಂದ ನೀರು ತೊಟ್ಟಿಕ್ಕತೊಡಗಿತು. ತೂತು ಬಿದ್ದಿದೆ ಅಂತ ಹುಡುಗರು ಮೇಲೆ ಹತ್ತಿ ಹುಡುಕಿದ್ದೇ ಹುಡುಕಿದ್ದು. ತೂತೂ ಇಲ್ಲ, ಏನೂ ಇಲ್ಲ. ಒಳಗಿನ ಗಾಳಿಯ ತೇವವೇ ನೀರಾಗಿ ಇಳಿಯುತ್ತಿತ್ತು. ಹಗಲು ಬಿಸಿಲು ಬಿದ್ದಾಗ ಒಳಗಿನ ಗಾಳಿ ಕಾದು, ಸಾಮಾನಿನಲ್ಲಿದ್ದ ತೇವ ಎಲ್ಲ ಅದಕ್ಕೆ ಸೇರುತ್ತದೆ. ರಾತ್ರಿ ಒಂದು ಮಳೆ ಬಂದು ತಗಡು ತಣ್ಣಗಾದ ಕೂಡಲೇ ಆ ತೇವ ಮಾಡಿಗೆ ಅಂಟಿ ಹನಿಯಾಗುತ್ತದೆ. ಹಾಗಾಗಿ ಎಡೆಬಿಡದೆ ಸುರಿಯುವ ಜುಲೈಗಿಂತ, ಬಿಸಿಲು ಮಳೆ ಎರಡೂ ಇರುವ ಸೆಪ್ಟೆಂಬರ್, ಅಕ್ಟೋಬರೇ ಕಷ್ಟ. ಕಾರ್ಪೆಟ್ ಸ್ವಲ್ಪ ಹಸಿ ಇದ್ದರೂ ಸಾಕು, ವಾರದೊಳಗೆ ಪಕ್ಕದ ಸೋಫಾಕ್ಕೂ ಬೂಷ್ಟು ಹಿಡಿಯುತ್ತದೆ.

ಇದಕ್ಕೆ ಬೇರೆ ಬೇರೆ ಉಪಾಯ ಮಾಡಿದ್ದಾಯಿತು. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ನೇತು ಹಾಕಿದೆವು. ಕೆಲಸ ಮಾಡುತ್ತದೆ. ಆದರೆ ಬಾಗಿಲು ದಿನಾ ತೆಗೆಯುವ ಜಾಗದಲ್ಲಿ ಬೇಗ ತುಂಬಿ ನೀರಾಗುತ್ತದೆ, ಮತ್ತೆ ಮತ್ತೆ ತರಬೇಕು. ಮಾಡಿಗೆ ಬಿಳಿ ಬಣ್ಣ ಬಳಿದಿದ್ದರಿಂದ ಸೆಕೆ ಸ್ವಲ್ಪ ಇಳಿಯಿತು. ನಿಜವಾಗಿ ಫಲ ಕೊಟ್ಟದ್ದು ಎರಡು. ಒಂದು, ಎದುರು ಬದುರು ಗೋಡೆಗೆ ಕೆಳಗೊಂದು ಮೇಲೊಂದು ಜಾಲರಿ ಕಿಟಕಿ. ಜಾಲರಿ ಸಣ್ಣ ಕಣ್ಣಿನದ್ದೇ ಇರಲಿ, ಇಲ್ಲದಿದ್ದರೆ ಇಲಿಗೆ ನಾವೇ ಬಾಗಿಲು ತೆಗೆದ ಹಾಗೆ. ಇನ್ನೊಂದು, ಎರಡೂ ಕಂಟೇನರಿನ ಮೇಲೆ ಒಂದೂವರೆ ಅಡಿ ಜಾಗ ಬಿಟ್ಟು ಹಾಕಿಸಿದ ಶೀಟಿನ ಮಾಡು. ಬಿಸಿಲೂ ಮಳೆಯೂ ನೇರ ತಾಗದ ಮೇಲೆ ಹನಿ ಬೀಳುವುದು ಹೆಚ್ಚುಕಡಿಮೆ ನಿಂತಿತು. ಎರಡೂ ಕಂಟೇನರಿನ ನಡುವೆ ಹಸಿ ಬಟ್ಟೆ ಒಣಗಿಸಲು ನೆರಳೂ ಸಿಕ್ಕಿತು. ಇಷ್ಟಾದರೂ ಆಂಪ್ಲಿಫೈಯರ್, ಮಿಕ್ಸರ್, ಎಲ್‌ಇಡಿ ಪ್ಯಾನಲ್ ಮಳೆಗಾಲದಲ್ಲಿ ಮನೆಯ ಕೋಣೆಯಲ್ಲೇ ಇರುತ್ತವೆ. ಅಷ್ಟು ಧೈರ್ಯ ನನಗಿಲ್ಲ.

ಕೂರಿಸುವಾಗ ನಾಲ್ಕು ಮೂಲೆ ಮುಖ್ಯ. ಭಾರ ಹೊರುವುದು ಮೂಲೆಗಳೇ. ನಾವು ಮುರಕಲ್ಲಿನ ಮೇಲೆ ಕಾಂಕ್ರೀಟ್ ಹಾಕಿ ರಸಮಟ್ಟ ಹಿಡಿದು ಕೂರಿಸಿದೆವು. ಒಂದು ಮೂಲೆ ಸ್ವಲ್ಪ ಕುಸಿದರೂ ಚೌಕಟ್ಟು ಓರೆಯಾಗಿ ಬಾಗಿಲು ಬಿಗಿಯುತ್ತದೆ, ಮತ್ತೆ ಬಾಗಿಲು ಬಿಗಿ ಮಾಡುವ ಸರಳಿಗೆ ಸುತ್ತಿಗೆ ಪೆಟ್ಟೇ ಗತಿ. ಕಂಟೇನರಿನ ಕೆಳಗೆ ಗಾಳಿ ಆಡಿದರೆ ನೆಲದ ಪ್ಲೈವುಡ್ಡೂ ಬಾಳುತ್ತದೆ.

ಹಳೇದನ್ನು ಕೊಳ್ಳುವಾಗ ಹೊಸ ಬಣ್ಣ ನೋಡಿ ಮರುಳಾಗಬೇಡಿ. ನನಗೆ ಮಾರಿದವರು ಮಾಡಿನ ತುಕ್ಕಿಗೆ ಪುಟ್ಟಿ ಹಚ್ಚಿ, ಮೇಲೆ ಬಣ್ಣ ಹೊಡೆದಿದ್ದರು. ಒಳಗೆ ಹೋಗಿ ಎರಡೂ ಬಾಗಿಲು ಹಾಕಿಸಿಕೊಂಡು ಕತ್ತಲಲ್ಲಿ ನಿಂತು ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಕಾಣುತ್ತದೆ. ಪುಟ್ಟಿ ಕಾಣುವುದಿಲ್ಲ, ಅದಕ್ಕೆ ಸುಮ್ನೆ ಅಲ್ಲಲ್ಲಿ ತಟ್ಟಿ ನೋಡಬೇಕು, ಸದ್ದು ಬೇರೆ ಬರುತ್ತದೆ. ಬಾಗಿಲ ಮೇಲಿನ ತಗಡಿನ ಫಲಕದಲ್ಲಿ ತಯಾರಾದ ವರ್ಷ ಇರುತ್ತದೆ. ನೆಲದ ಮರಕ್ಕೆ ಯಾವ ಕೀಟನಾಶಕ ಹಾಕಿದ್ದಾರೆ ಅನ್ನುವುದೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅಡುಗೆ ಪಾತ್ರೆ ಇಡುವವರು ಅದನ್ನು ಓದಲೇಬೇಕು. ನಾವು ನೆಲಕ್ಕೆ ವಿನೈಲ್ ಹಾಸಿ, ಪಾತ್ರೆಯನ್ನು ಕಬ್ಬಿಣದ ರ‍್ಯಾಕ್ ಮೇಲೆ ಇಟ್ಟಿದ್ದೇವೆ. ಕಂಟೇನರಿನ ಉಕ್ಕು ಬೇಗ ತುಕ್ಕು ಹಿಡಿಯದ ಜಾತಿಯದ್ದು ಅಂತ ಮಾರುವವರು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಕಡಲ ಉಪ್ಪುಗಾಳಿ ಬೀಸುವಲ್ಲಿ ಆ ಗುಣ ಅಷ್ಟು ನಡೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಉಜ್ಜಿ, ರೆಡ್ ಆಕ್ಸೈಡ್ ಬಳಿದು ಪೇಂಟ್ ಮಾಡುವ ಖರ್ಚು ಇದ್ದೇ ಇದೆ.

ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆ ಮೇಲೆ ಒಳಗೆ ಕೆಲಸ ಮಾಡಿಸಬೇಡಿ, ಪಾಪ. ಲೋಡಿಂಗ್ ಬೆಳಿಗ್ಗೆಯೇ ಮುಗಿಸಿ. ಒಳಗೆ ಲೈಟ್ ಎಳೆದರೆ ಅರ್ಥಿಂಗ್ ಕಡ್ಡಾಯ, ಇಡೀ ಪೆಟ್ಟಿಗೆಯೇ ಕಬ್ಬಿಣ ಅಲ್ವಾ. ಡೀಸೆಲ್ ಕ್ಯಾನ್, ಗ್ಯಾಸ್ ಸಿಲಿಂಡರ್ ಒಳಗೆ ಬೇಡವೇ ಬೇಡ. ನಮ್ಮ ಜನರೇಟರ್ ಹೊರಗಿನ ಶೀಟಿನ ಕೆಳಗೇ ಇರುತ್ತದೆ. ಬಾಗಿಲಿರುವುದು ಒಂದೇ ತುದಿಗೆ, ಹಾಗಾಗಿ ಮಧ್ಯೆ ಒಬ್ಬ ನಡೆಯುವಷ್ಟು ದಾರಿ ಬಿಡಿ. ಜಾಗ ಹಾಳು ಅಂತ ಅನಿಸುತ್ತದೆ. ಆದರೆ ಮದುವೆ ಮುನ್ನಾದಿನ ರಾತ್ರಿ ಹಿಂದಿನ ಮೂಲೆಯ ಒಂದು ಜಂಕ್ಷನ್ ಬಾಕ್ಸ್‌ಗಾಗಿ ಕುರ್ಚಿಯನ್ನೆಲ್ಲ ಅಂಗಳಕ್ಕೆ ಎಳೆಯುವ ಕೆಲಸ ತಪ್ಪುತ್ತದೆ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಶೀಟಿನ ಮಾಡು ಹಾಕಿಸಲು ದುಡ್ಡಿಲ್ಲ ಅನ್ನುವವರಿಗೆ, ಕರಾವಳಿಯಲ್ಲಾದರೆ, ಎರಡೂವರೆ.